ಹಸಿರು ಜಾಸ್ತಿಯಾದ ಸೊಪ್ಪು

ಗಾಂಧಿ ಬಜಾರಿನಲ್ಲಿ ಹೂವಿನ ಅಂಗಡಿಗಳ ಸಾಲು ಮುಗಿಯುವ ಕಡೆ ಮುನಿಲಕ್ಷ್ಮಮ್ಮ ಸೊಪ್ಪು ಮಾರಲು ಕೂತು ಇಪ್ಪತ್ತೆರಡು ವರ್ಷ. ಬೆಳಗಾಗುತ್ತಲೇ ಟೆಂಪೋದಲ್ಲಿ ಸೊಪ್ಪು ತಂದಿಳಿಸುವವನು ತಮ್ಮ ಬೈರಯ್ಯ. ಊರಲ್ಲಿ ಹೊಳೆ ದಂಡೆಗೆ ಅವನದೊಂದು ಎಕರೆ ತೋಟ. "ಎಷ್ಟು ಹಸಿರಾಗಿದೆ ನೋಡಿ!" ಎಂದು ಕೂಗಿ ಕೂಗಿಯೇ ಆಕೆ ಇಷ್ಟು ವರ್ಷ ವ್ಯಾಪಾರ ಮಾಡಿದ್ದು. ಹಾಗಾಗಿ, ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುವ ಮೈತ್ರೇಯಿ ಒಂದು ದಿನ ಪಾಲಕ್ ಕಟ್ಟನ್ನು ತಿರುಗಿಸಿ ನೋಡಿ, "ತೀರಾ ಕಡು ಹಸಿರಾಯ್ತಲ್ಲ ಮುನಿಲಕ್ಷ್ಮಮ್ಮ, ಯೂರಿಯಾ ಜಾಸ್ತಿ ಹಾಕ್ತಾರೇನು?" ಎಂದಾಗ, ಹೊಗಳಿದರೋ ಬೈದರೋ ಆಕೆಗೆ ತಿಳಿಯಲಿಲ್ಲ.

ಮಾರನೇ ದಿನ ತಮ್ಮನನ್ನು ಕೇಳಿದಳು.

"ಹಾಕ್ದೆ ಇನ್ನೇನಕ್ಕ? ಮೊದ್ಲು ಪಾತಿಗೆ ಒಂದು ಹಿಡಿ ಸಾಕಾಗ್ತಿತ್ತು. ಈಗ ಮೂರು ಹಿಡಿ ಹಾಕಿದ್ರೂ ಬಣ್ಣ ಮಾತ್ರ ಬರುತ್ತೆ, ಬೆಳೆ ಅಷ್ಟಕ್ಕಷ್ಟೇ. ಮಣ್ಣೆಲ್ಲ ಹೆಂಟೆ ಹೆಂಟೆ. ಎರೆಹುಳ ನೋಡಿ ಎಷ್ಟು ಕಾಲ ಆಯ್ತೋ." ಕಟ್ಟುಗಳನ್ನು ಇಳಿಸುತ್ತ ಅವನೇ ಹೇಳಿದ. "ಹೊಳೆ ತುಂಬ ಕಳೆ. ಹೋದ ತಿಂಗಳು ಮೀನು ಸತ್ತು ತೇಲ್ತಿದ್ವು. ಫ್ಯಾಕ್ಟರಿ ನೀರು ಅಂದ್ರು. ನಮ್ಮ ಕಡೆ ಫ್ಯಾಕ್ಟರಿ ಎಲ್ಲಿದೆ ಹೇಳು?"

ಆಕೆ ಇದನ್ನು ಮೈತ್ರೇಯಿಯ ಮುಂದಿಟ್ಟಳು.

"ಸೊಪ್ಪು ಹಾಕಿದ್ದನ್ನೆಲ್ಲ ಎಳ್ಕೊಳ್ಳಲ್ಲ. ಮಿಕ್ಕಿದ್ದು ಮಳೆ ನೀರಲ್ಲಿ ಹೊಳೆಗೆ ಹೋಗುತ್ತೆ, ಅಲ್ಲಿ ಕಳೆ ಕೊಬ್ಬುತ್ತೆ. ಅದು ಕೊಳೆಯೋವಾಗ ಮೀನಿಗೆ ಉಸಿರಾಡೋಕೆ ಗಾಳಿ ಉಳಿಯಲ್ಲ."

"ಅಯ್ಯೋ, ನಮ್ಮ ಬೈರ ಹೊಳೆಗೆ ಗೊಬ್ಬರ ಹಾಕಿಲ್ಲಮ್ಮ!"

"ಯಾರೂ ಹಾಕಿಲ್ಲ. ದಂಡೆಯವರೆಲ್ಲರದ್ದೂ ಸೇರಿ ಹೋಗಿರೋದು."

"ಹಾಗಾದ್ರೆ ನಿಲ್ಲಿಸಿಬಿಡೋದಾ?"

"ಒಂದೇ ಸಲ ಬೇಡ. ಕಮ್ಮಿ ಮಾಡಿ, ಕೊಟ್ಟಿಗೆ ಗೊಬ್ಬರ ಸೇರಿಸ್ಲಿ. ಮಣ್ಣು ಪರೀಕ್ಷೆನೂ ಮಾಡಿಸ್ಲಿ."

ಬೈರಯ್ಯ ಗೊಣಗಿಕೊಂಡೇ ನಾಲ್ಕು ಪಾತಿಗೆ ಒಂದೊಂದೇ ಹಿಡಿ ಯೂರಿಯಾ ಹಾಕಿ ಕೊಟ್ಟಿಗೆ ಗೊಬ್ಬರ ಸೇರಿಸಿದ. ತಿಂಗಳೊಪ್ಪತ್ತಿಗೆ ಬಂದ ಪಾಲಕ್ ತಿಳಿ ಬಣ್ಣದ್ದು, ಸಣ್ಣ ಎಲೆಯದ್ದು. ಮುನಿಲಕ್ಷ್ಮಮ್ಮ ಎರಡು ಗುಡ್ಡೆ ಮಾಡಿಟ್ಟಳು. ಹತ್ತು ಗಂಟೆಯೊಳಗೆ ಕಡು ಹಸಿರಿನ ಗುಡ್ಡೆ ಕರಗಿತು, ಇನ್ನೊಂದನ್ನು ಮುಟ್ಟಿದವರಿಲ್ಲ. ಫೋನಿನಲ್ಲಿ ಮಾತಾಡುತ್ತಲೇ ಬಂದ ಮೈತ್ರೇಯಿ ಕೂಡ ಕಡು ಹಸಿರಿನದೇ ಒಂದು ಕಟ್ಟು ಚೀಲಕ್ಕೆ ಹಾಕಿಕೊಂಡರು.

"ಅಮ್ಮ, ನೀವು ಹೇಳಿದ್ದು ಈ ಕಡೆದು."

ಮೈತ್ರೇಯಿ ಪೆಚ್ಚಾದರು. "ಕೈ ತಾನಾಗೇ ಹೋಯ್ತು ನೋಡಿ," ಎಂದು ಬದಲಾಯಿಸಿಕೊಂಡು ಹೋದರು.

ಮಧ್ಯಾಹ್ನ ಬೈರಯ್ಯನ ಫೋನು. "ನಾಳೆ ಹೊಸ ಪಾತಿ ಮಾಡ್ಬೇಕಕ್ಕ. ಎಷ್ಟು ಹಿಡಿ ಹಾಕ್ಲಿ?"

ಮೂರು ಅಂದರೆ ಹೊಳೆ ಕೆಡುತ್ತದೆ, ಒಂದು ಅಂದರೆ ಕೊಳ್ಳುವವರಿಲ್ಲ. ಎರಡು ಎಂದು ಬಾಯಿಗೆ ಬಂತು. ಎರಡು ಅಂದರೆ ಏನಾಗುತ್ತದೋ ಆಕೆಗೆ ಗೊತ್ತಿರಲಿಲ್ಲ.

"ಆ ನಾಲ್ಕು ಪಾತಿ ಕೆಡಿಸ್ಬೇಡ," ಎಂದಳು. "ಮಿಕ್ಕಿದ್ದಕ್ಕೆ… ಮಣ್ಣು ಪರೀಕ್ಷೆ ಎಲ್ಲಿ ಮಾಡ್ತಾರೆ ಅಂತ ವಿಚಾರಿಸ್ತೀನಿ, ತಾಳು."

ನಾಳೆ ಮೈತ್ರೇಯಿ ಬಂದರೆ ಮೊದಲು ಅದನ್ನೇ ಕೇಳಬೇಕೆಂದುಕೊಳ್ಳುತ್ತ, ಬಾಡುತ್ತಿದ್ದ ಕಟ್ಟುಗಳಿಗೆ ನೀರು ಚಿಮುಕಿಸತೊಡಗಿದಳು.