ಕಮಾನು ಇಳಿಯುವ ಮೊದಲು

ಮಾತಿಲ್ಲದ ಸಿನಿಮಾಗಳ ಕಾಲದಲ್ಲಿ ನನ್ನ ಗಂಡ ಆಲ್ವಿನ್ ಬರ್ಲಿನ್ನಿನ ನಮ್ಮ ಬೀದಿಯ ಚಿತ್ರಮಂದಿರದಲ್ಲಿ ಪರದೆಯ ಕೆಳಗೆ ಕೂತು ಪಿಟೀಲು ನುಡಿಸುತ್ತಿದ್ದ. ಮೇಳಕ್ಕೆ ಅವನೇ ಮುಂದಾಳು. ಕತ್ತಲಲ್ಲಿ ಕೈಸನ್ನೆ ಕಾಣುವುದಿಲ್ಲವೆಂದು, ಶುರುಮಾಡುವ ಮೊದಲು ಮೂಗಿನಿಂದ ಜೋರಾಗಿ ಉಸಿರೆಳೆಯುತ್ತಿದ್ದ. ಆ ಸದ್ದಿಗೆ ಎಲ್ಲರೂ ಒಟ್ಟಿಗೆ ತಂತಿಯ ಮೇಲೆ ಕಮಾನು ಇಳಿಸುತ್ತಿದ್ದರು.

ಮಾತಾಡುವ ಸಿನಿಮಾ ಬಂತು. ಮೇಳವನ್ನು ಮನೆಗೆ ಕಳಿಸಿದರು. ಆ ಚಳಿಗಾಲವೆಲ್ಲ ನಮಗೆ ಎಲೆಕೋಸಿನ ಸಾರೇ ಊಟ.

ಅಷ್ಟರಲ್ಲಿ ಒಂದು ಸ್ಟುಡಿಯೊದವರು ಹೆಸರಾಂತ ಪಿಟೀಲುಗಾರನೊಬ್ಬನ ಕಥೆಯನ್ನು ಸಿನಿಮಾ ಮಾಡಲು ಹೊರಟರು. ನಾಯಕನಿಗೆ ಪಿಟೀಲು ಬಾರದು. ಅವನ ಕಮಾನಿಗೆ ಸೋಪು ಸವರಿ ಸದ್ದಡಗಿಸಿದ್ದರು. ಅವನು ಕೈಯಾಡಿಸುವಾಗ ಆಲ್ವಿನ್ ಮರೆಯಲ್ಲಿ ಮೈಕಿನ ಮುಂದೆ ನಿಂತು ನುಡಿಸಬೇಕು. ಚೆನ್ನಾಗಿ ಬಂದರೆ ಸ್ಟುಡಿಯೊದ ಮೇಳದಲ್ಲಿ ಕಾಯಂ ಕೆಲಸ ಎಂದಿದ್ದರು.

"ನಿನ್ನ ಗಂಡ ಸ್ಟಾರ್ ಆಗ್ಬಿಟ್ಟ ಕಣೇ, ಮುಖ ಒಂದು ಬಿಟ್ಟು" ಎಂದು ಎದುರುಮನೆಯ ಪೋಲ್ಕೆಯಮ್ಮ ಛೇಡಿಸಿದಳು.

ಮೊದಲ ದಿನವೇ ಮೈಕು ಅವನ ಉಸಿರನ್ನು ಹಿಡಿಯಿತು. ಸದ್ದಿಲ್ಲದೆ ಉಸಿರಾಡು ಎಂದರಂತೆ. ಮನೆಗೆ ಬಂದು ಅಭ್ಯಾಸ ಮಾಡಿದ. ನಾನು ಮಗುವಿನ ಬಟ್ಟೆ ಹಿಂಡುತ್ತ ಕೇಳುತ್ತಿದ್ದೆ. ಉಸಿರು ಬಿಗಿಹಿಡಿದರೆ ನಾದವೇ ಸತ್ತುಹೋಗುತ್ತಿತ್ತು. ಮರುದಿನ ಮತ್ತೆ ಅದೇ ಆಯಿತು. ಫಿಲ್ಮು ಹಾಳುಮಾಡಿದೆ ಎಂದು ಬೈದು ಅವನನ್ನು ಕಳಿಸಿ, ಬೇರೆಯವನನ್ನು ಕರೆಸಿದರು.

ಆಲ್ವಿನ್ ಪಿಟೀಲನ್ನು ಬೀರುವಿನ ಮೇಲಿಟ್ಟು ಕಲ್ಲಿದ್ದಲು ಹೊರಲು ಹೋದ. ಬೆರಳುಗಳು ಒಡೆದವು. ತಪ್ಪು ತನ್ನದೇ ಎನ್ನುತ್ತಿದ್ದ. ಮಲಗಿದ ಮಗುವಿನ ಮೇಲೆ ಬಾಗುವಾಗಲೂ ಉಸಿರು ಬಿಗಿಹಿಡಿಯುತ್ತಿದ್ದ.

ಸಿನಿಮಾ ನಮ್ಮ ಬೀದಿಗೇ ಬಂದಾಗ ಅವನು ಬರಲೊಲ್ಲೆ ಎಂದ. ನಾನು ಪೋಲ್ಕೆಯಮ್ಮನ ಜೊತೆ ಹೋದೆ. ಮೇಳ ಕೂರುತ್ತಿದ್ದ ಜಾಗಕ್ಕೆ ಹಲಗೆ ಬಡಿದಿದ್ದರು. ಕೊನೆಯ ಕಛೇರಿಯಲ್ಲಿ ನಾಯಕ ಕಮಾನೆತ್ತಿದ. ಅದು ಇಳಿಯುವ ಮೊದಲು, ಮೂಗಿನಿಂದ ಒಂದು ಉಸಿರು. ಇಷ್ಟು ವರ್ಷ ನನ್ನ ಮಗ್ಗುಲಲ್ಲಿ ಮಲಗಿದ ಉಸಿರು.

ಮುಂದಿನ ಸಾಲಿನ ಹೆಂಗಸು ಗಂಡನ ಕಡೆ ವಾಲಿ, "ನೋಡು, ಎಷ್ಟು ಮನಸಿಟ್ಟು ನುಡಿಸ್ತಾನೆ" ಎಂದಳು.

ಮನೆಯಲ್ಲಿ ಆಲ್ವಿನ್ ಆಲೂಗಡ್ಡೆ ಸುಲಿಯುತ್ತಿದ್ದ. ಹೇಳುವುದೋ ಬೇಡವೋ ಎಂದು ಕೋಟು ಬಿಚ್ಚದೆ ನಿಂತೆ. ಹೇಳಿದರೆ ಪಿಟೀಲು ಕೆಳಗಿಳಿಸಿಯಾನು ಅನ್ನಿಸಿತು.

"ನೀನು ನುಡಿಸಿದ್ದನ್ನೇ ಇಟ್ಕೊಂಡಿದಾರೆ ಆಲ್ವಿನ್. ಉಸಿರು ಸಮೇತ."

ಅವನು ಬೀರುವಿನ ಕಡೆ ನೋಡಲಿಲ್ಲ. ತನ್ನ ಬೆರಳುಗಳನ್ನು ನೋಡಿಕೊಂಡ.

"ಹಾಗಾದ್ರೆ ನನ್ನನ್ನ ಯಾಕೆ ಕಳಿಸಿದ್ರು?"

ಅವನ ಕೈಯಿಂದ ಚಾಕು ತೆಗೆದುಕೊಂಡು, ಉಳಿದ ಆಲೂಗಡ್ಡೆಯನ್ನು ನಾನೇ ಸುಲಿದೆ.