ಸೀಸದ ಬಿಲ್ಲೆ

ಸೋಮವಾರ ಬೆಳಗಾಗುವಷ್ಟರಲ್ಲಿ ನಿನಿಯನ್ ಬಾಯ್ಡ್‌ನ ದಂಡು ಹೊಳೆಯಂಚಿನ ಇಂಡಿಯನ್ನರ, ಅಂದರೆ ಈ ನೆಲದ ಮೂಲನಿವಾಸಿಗಳ, ಗುಡಿಸಲುಗಳನ್ನೆಲ್ಲ ಸುಟ್ಟು ಮುಗಿಸಿತ್ತು. ಅಲ್ಲಿದ್ದವರಾದರೂ ಯಾರು? ಪೊರಕೆ ಕಟ್ಟಿ, ಬುಟ್ಟಿ ಹೆಣೆದು, ನಮ್ಮ ಮನೆಬಾಗಿಲಿಗೇ ತಂದು ಮಾರಿ ಹೊಟ್ಟೆ ಹೊರೆಯುತ್ತಿದ್ದ ಮುದುಕರು, ಹೆಂಗಸರು, ಮಕ್ಕಳು. ಇಂಥವರನ್ನು ಕೊಲ್ಲುವುದಕ್ಕೆ ಊರಿನ ಗಂಡಸರು ಭಾನುವಾರ ಸಂಜೆಯೇ ಕೊಡಲಿ ಮಸೆದು ಕುದುರೆ ಹತ್ತಿದ್ದರು. ಎಂಥ ಶೂರರು!

ಆ ಶೂರರಲ್ಲಿ ಇಸಬೆಲ್ ಮೆಕ್ಲೂರಳ ಮಗ ಆರ್ಚಿಯೂ ಒಬ್ಬ.

ಇಸಬೆಲ್ ಕೊಟ್ಟಿಗೆಯಲ್ಲಿ ಅಗಸೆ ನಾರು ಬಡಿಯುತ್ತಿದ್ದಳು. ಕೈಯಲ್ಲಿ ಮೊಳದುದ್ದದ ಮರದ ಕತ್ತಿ. ನಾರಿನ ತೊಗಟೆ ಉದುರಿಸುವ ಹತಾರ. ಹಿಂಬಾಗಿಲು ಸರಿದು ಆ ಗುಡಿಸಲುಗಳ ಮುದುಕಿ ಪೊರಕೆ ಬೆಟ್ಸಿ ತೆವಳಿಕೊಂಡು ಒಳಗೆ ಬಂದಳು. ಅವಳ ನಿಜವಾದ ಹೆಸರೇನೆಂದು ನಮ್ಮಲ್ಲಿ ಯಾರೂ ಕೇಳಿದವರಲ್ಲ. ಒಂದು ಕಿವಿ ಇರಲಿಲ್ಲ. ಕೂದಲು ಸುಟ್ಟು ಹಣೆಗೆ ಅಂಟಿತ್ತು. ಹಿಮದಲ್ಲಿ ತೆವಳಿ ಬಂದ ಮೊಣಕಾಲಿನ ಚರ್ಮ ಕಿತ್ತುಹೋಗಿತ್ತು.

ಇಸಬೆಲಳಿಗೆ ಮೊದಲು ನೆನಪಾದದ್ದು ಗೋಡೆಗೆ ಒರಗಿಸಿಟ್ಟಿದ್ದ ಕೊಡಲಿ. ಸುಳ್ಳೇಕೆ ಹೇಳಬೇಕು? ಕಡಲಾಚೆಯ ಹುಟ್ಟೂರು ಆಂಟ್ರಿಮ್‌ನಲ್ಲಿ ಜಮೀನ್ದಾರ ಗೇಣಿ ಏರಿಸಿ ಹೊರಹಾಕಿದ್ದ. ಇಲ್ಲಿಗೆ ಬರುವಾಗ ಹಡಗಿನಲ್ಲೇ ಸತ್ತ ಎಳೆಗೂಸನ್ನು ಸಮುದ್ರಕ್ಕೆ ಕೊಟ್ಟಿದ್ದಳು. ಈ ಬೆಟ್ಟದ ಬುಡದಲ್ಲಿ ಮರ ಕಡಿದು, ಬೇರು ಕಿತ್ತು, ಜೋಳದ ಅಂಬಲಿ ಕುಡಿದು ನೆಲ ಮಾಡಿಕೊಂಡಿದ್ದಳು. ಹೋದ ವರ್ಷ ಬೆಟ್ಟದಾಚೆಯ ಇಂಡಿಯನ್ನರು ಬಂದು ಅವಳ ಮಗಳು ಗ್ರಿಜಲಳನ್ನು ಬಾವಿಕಟ್ಟೆಯ ಮೇಲೇ ಕಡಿದುಹಾಕಿದ್ದರು. ಆದರೆ ಅವರು ಬೇರೆ, ಇವರು ಬೇರೆ. ಗ್ರಿಜಲಳನ್ನು ಮಣ್ಣು ಮಾಡಿದ ದಿನ ಇದೇ ಬೆಟ್ಸಿ ಬಂದು, ಮಾತಿಲ್ಲದೆ, ಬಾವಿಕಟ್ಟೆಯ ರಕ್ತ ತೊಳೆದು ಹೋಗಿದ್ದಳು. ತಾಯಿಯ ಕೈಲಿ ಆಗದಿದ್ದ ಕೆಲಸ ಅದು.

ಇಸಬೆಲ್ ಮುದುಕಿಯನ್ನು ನಾರಿನ ರಾಶಿಯೊಳಕ್ಕೆ ದಬ್ಬಿದಳು.

ಸ್ವಲ್ಪ ಹೊತ್ತಿಗೇ ಆರ್ಚಿ ಬಂದ. ತೋಳಿನವರೆಗೂ ರಕ್ತ ಒಣಗಿ ಕಪ್ಪಾಗಿತ್ತು.

"ಅವ್ವಾ, ಮುಗಿಸ್ಬಿಟ್ವಿ. ಗ್ರಿಜಲ್‌ಗೆ ಈಗ ನೆಮ್ಮದಿ."

"ಯಾರನ್ನ ಮುಗಿಸಿದ್ರೋ?"

"ಎಲ್ಲಾರ್ನೂ. ಒಬ್ಳು ಮಾತ್ರ ತಪ್ಪಿಸ್ಕೊಂಡ್ಲು." ಅವನ ಕಣ್ಣು ನೆಲದ ಮೇಲಿತ್ತು. ಹಿಂಬಾಗಿಲಿನಿಂದ ರಾಶಿಯವರೆಗೂ ರಕ್ತದ ಗೆರೆ ಎಳೆದಿತ್ತು. "ಅವ್ವಾ, ಪಕ್ಕಕ್ಕೆ ಸರಿ."

"ಸರಿಯೋದಿಲ್ಲ."

"ನಿಂಗೇನ್ ತಲೆ ಕೆಟ್ಟಿದ್ಯಾ? ನಿನ್ ಮಗಳನ್ನ ಕೊಂದೋರ ಜಾತಿ ಕಣವ್ವಾ ಅದು!"

"ನನ್ನ ಮಗಳನ್ನ ಕೊಂದೋರನ್ನ ಹುಡುಕ್ಕೊಂಡು ಬೆಟ್ಟ ಹತ್ತೋ ಗಂಡಸ್ತನ ಇರ್ಲಿಲ್ಲ ನಿಮಗೆ. ಪೊರಕೆ ಮಾರೋರ ಮೇಲೆ ಬಿದ್ರಿ. ಥೂ!"

ಆರ್ಚಿ ಅವಳನ್ನು ಗೋಡೆಗೆ ನೂಕಿ ರಾಶಿಗೆ ಕೈ ಹಾಕಿದ. ಮುದುಕಿಯ ಕಾಲು ಸಿಕ್ಕಿತು. ಎಳೆದ. ಇನ್ನೊಂದು ಕೈಯಲ್ಲಿ ಸೊಂಟದ ಕೈಗೊಡಲಿ ಮೇಲೆದ್ದಿತು. ಇಸಬೆಲ್ ಮರದ ಕತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಬಲಗೈ ಮೇಲೆ ಬೀಸಿದಳು. ಮೂಳೆ ಲಟಕ್ಕೆಂದಿತು. ಕೈಗೊಡಲಿ ಬಿತ್ತು. ಅವನು ಅರಚುತ್ತ ಎಡಗೈಯಿಂದ ಅವಳ ಕುತ್ತಿಗೆ ಹಿಡಿದ. ಅವಳು ಮತ್ತೆ ಅದೇ ಜಾಗಕ್ಕೆ ಹೊಡೆದಳು, ಅವನು ಮಂಡಿಯೂರುವವರೆಗೂ ಹೊಡೆದಳು. ಹೆತ್ತ ಮಗ. ಪ್ರತಿ ಏಟಿಗೂ ಅವಳೂ ಕೂಗುತ್ತಿದ್ದಳು.

ಹೊರಗೆ ಗೊರಸಿನ ಸದ್ದು. ಬಾಯ್ಡ್ ತನ್ನ ಇಬ್ಬರು ತಮ್ಮಂದಿರೊಂದಿಗೆ ಅಂಗಳಕ್ಕೆ ಬಂದಿದ್ದ. ಇಸಬೆಲ್ ಮುದುಕಿಯನ್ನು ಮುಚ್ಚಿ, ರಕ್ತದ ಮೇಲೆ ಹೊಟ್ಟು ಚೆಲ್ಲಿ, ಬಾಗಿಲಿಗೆ ಅಡ್ಡ ನಿಂತಳು.

"ಒಂದು ಹೆಣ ಕಡಿಮೆ ಬಿತ್ತು, ಇಸಬೆಲಕ್ಕಾ. ಈ ಕಡೆ ಏನಾದ್ರೂ ಬಂತಾ?"

"ದೇವರಾಣೆ, ಯಾರೂ ಬಂದಿಲ್ಲ."

"ಇವ್ನಿಗೇನಾಯ್ತು?"

ಆರ್ಚಿ ನೆಲದ ಮೇಲೆ ಬೆವರುತ್ತ ಕೂತಿದ್ದ. ತಾಯಿಯ ಮುಖ ನೋಡಿದ.

"ಕುದುರೆ ಒದೀತು," ಅಂದ.

ಬಾಯ್ಡ್ ಗೊಳ್ಳೆಂದು ನಕ್ಕ. "ಅಷ್ಟು ಜನರನ್ನ ಕಡಿದೋನು ಕುದುರೆ ಕೈಲಿ ಒದೆಸ್ಕೊಂಡ್ಯಲ್ಲೋ, ಬಡ್ಡೀಮಗನೆ!"

ಮರುದಿನ ನಾರು ಮಾರುವ ನೆಪದಲ್ಲಿ ಇಸಬೆಲ್ ಬೆಟ್ಸಿಯನ್ನು ಗಾಡಿಯಲ್ಲಿ ಹೇರಿ ಹೊಳೆ ದಾಟಿಸಿದಳು. ಯಾರ ಮನೆಯಲ್ಲಿ ಬಿಟ್ಟಳೆಂದು ಮಗನಿಗೂ ಹೇಳಲಿಲ್ಲ, ಗಂಡ ಗಾವಿನ್‌ಗೂ ಹೇಳಲಿಲ್ಲ. ಚಳಿಗಾಲವಿಡೀ ಬಾಯ್ಡ್ ಹುಡುಕುತ್ತಲೇ ಇದ್ದ. ಬದುಕಿರುವ ಮುದುಕಿ ಎಂದರೆ ನ್ಯಾಯಾಧೀಶರ ಮುಂದೆ ಬಾಯಿ ಬಿಡಬಲ್ಲ ಮುದುಕಿ.

ವಸಂತದಲ್ಲಿ ಚರ್ಚಿನಲ್ಲಿ ಪ್ರಭುವಿನ ಭೋಜನದ ಭಾನುವಾರ ಹತ್ತಿರ ಬಂತು. ಆ ಮೇಜಿಗೆ ಕೂರಬೇಕಾದರೆ ಸೀಸದ ಬಿಲ್ಲೆ ಬೇಕು. ಸಭೆಯ ಹಿರಿಯರು ಒಬ್ಬೊಬ್ಬರನ್ನೇ ವಿಚಾರಿಸಿ, ಪಾಪ ಒಪ್ಪಿ ಪಶ್ಚಾತ್ತಾಪ ಪಟ್ಟವರ ಅಂಗೈಗೆ ಬಿಲ್ಲೆ ಹಾಕುತ್ತಾರೆ. ಬಿಲ್ಲೆ ಸಿಗದವರಿಗೆ ರೊಟ್ಟಿಯಿಲ್ಲ, ದ್ರಾಕ್ಷಾರಸವಿಲ್ಲ, ಊರಲ್ಲಿ ಒಂದು ಒಳ್ಳೆಯ ಮಾತೂ ಇಲ್ಲ. ಆ ವರ್ಷ ಬಿಲ್ಲೆ ಹಂಚುವ ಹಿರಿಯ ಗಾವಿನ್ನೇ.

ಬಾಯ್ಡ್‌ನ ಕಡೆಯವರು ಸಾಲಾಗಿ ನಿಂತರು. ಹಿರಿಯರು ಮುಖ ಗಂಟಿಕ್ಕಿ ಕೇಳಿದ್ದು ಒಂದೇ: ದೇವರ ದಿನವಾದ ಭಾನುವಾರ ಕುದುರೆ ಹತ್ತಿದ್ದು ನಿಜವೇ? ನಿಜ. ಪಶ್ಚಾತ್ತಾಪವಿದೆಯೇ? ಇದೆ. ಎಲ್ಲರೂ ತಲೆ ತಗ್ಗಿಸಿದರು, ಒಬ್ಬಿಬ್ಬರು ಅತ್ತೂ ಬಿಟ್ಟರು. ಸೋಮವಾರದ ಸುದ್ದಿಯನ್ನು ಯಾರೂ ಕೇಳಲಿಲ್ಲ. ಸೋಮವಾರ ಕೆಲಸದ ದಿನ ತಾನೆ! ಇಂಥ ನ್ಯಾಯ ನೋಡಿದರೆ ಈಗಲೂ ನನ್ನ ಮೈ ಉರಿಯುತ್ತದೆ.

ಆರ್ಚಿಯ ಸರದಿ ಬಂತು. ಬಲಗೈ ಒಣಗಿ ಜೋತುಬಿದ್ದಿತ್ತು. "ನಂದು ಇನ್ನೊಂದು ಪಾಪ ಇದೆ," ಅಂದ. "ಸುಳ್ಳು ಹೇಳ್ದೆ. ಕೈ ಮುರಿದಿದ್ದು ಕುದುರೆ ಅಲ್ಲ. ಅವ್ವ. ಆ ಮುದುಕೀನ ಬಚ್ಚಿಟ್ಟಿದ್ಲು." ಮಗುವಿನಂತೆ ಬಿಕ್ಕಿದ. ಮಕ್ಕಳ ತಲೆ ಒಡೆದದ್ದು ಅವನ ಎದೆಯನ್ನು ಒತ್ತಿರಲಿಲ್ಲ. ಈ ಒಂದು ಸುಳ್ಳು ಒತ್ತಿತ್ತು.

ಹಿಂದಿನ ಬೆಂಚಿನಿಂದ ಬಾಯ್ಡ್ ಮೆಲ್ಲಗೆ ಎದ್ದು ನಿಂತ.

"ಇಸಬೆಲ್," ಗಾವಿನ್ ಅಂದ. "ದೇವರಾಣೆ ಇಟ್ಟು ಸುಳ್ಳು ಹೇಳಿದ್ಯಾ?"

"ಹೇಳಿದೀನಿ."

"ತಪ್ಪಾಯ್ತು ಅನ್ನು. ಎಲ್ಲಿಗೆ ಕಳಿಸ್ದೆ ಅಂತ ಹೇಳ್ಬಿಡು. ಅಷ್ಟೇ ಕಣೇ. ಬಿಲ್ಲೆ ಇಲ್ಲೇ ಇದೆ ನೋಡು."

"ತಪ್ಪಾಯ್ತು ಅಂತ ನಂಗೆ ಅನ್ಸಿಲ್ಲ. ಅನ್ಸಿದೆ ಅಂದ್ರೆ ಅದು ಎರಡನೇ ಸುಳ್ಳಾಗುತ್ತೆ. ಎಲ್ಲಿಗೆ ಕಳಿಸ್ದೆ ಅನ್ನೋದು ನನ್ನ ಜೊತೇನೇ ಮಣ್ಣಿಗೆ ಹೋಗುತ್ತೆ."

"ಹಾಗಾದ್ರೆ ಈ ಸಭೇಲಿ ನಿಂಗೆ ಜಾಗ ಇಲ್ಲ. ನನ್ನ ಮನೇಲೂ..." ಗಾವಿನ್ ಮಗನ ಕಡೆ ತಿರುಗಿ ಬಿಲ್ಲೆ ಎತ್ತಿದ. ಆರ್ಚಿ ಎಡಗೈ ಚಾಚಿದ.

ಇಸಬೆಲ್ ಶಾಲು ಹೊದ್ದು ಬಾಗಿಲಿನವರೆಗೆ ಹೋದವಳು ತಿರುಗಿದಳು. ಅವಳ ಕೆನ್ನೆ ತೊಯ್ದಿತ್ತು.

"ಆರ್ಚಿ, ಆ ಕೈಯನ್ನೂ ನಾನು ಅವತ್ತೇ ಮುರೀಬೇಕಿತ್ತು ಮಗನೆ."

ಆರ್ಚಿ ಚಾಚಿದ ಕೈಯನ್ನು ಹಿಂದೆಗೆಯಲಿಲ್ಲ.