ಮಂಚದ ಕೆಳಗಿನ ಆರು ಕಿಲೋ

ಮಂಚದ ಕೆಳಗೆ ಅರ್ಧ ಮೈ ತೂರಿಸಿಕೊಂಡು ಮಗಳು ಅಮ್ಮನ ಕಪ್ಪು ಬೂಟು ಹುಡುಕುತ್ತಿದ್ದಳು. ಕೈಗೆ ಸಿಕ್ಕಿದ್ದು ಹಳೆಯ ಸೂಟ್‌ಕೇಸು. ಜಪ್ಪಯ್ಯ ಅಂದರೂ ಜರುಗಲಿಲ್ಲ.

“ಸಿಕ್ತೇನೇ? ಹನ್ನೊಂದಕ್ಕೆ ಗಾಡಿ ಬಂದುಬಿಡುತ್ತೆ,” ಎಂದಳು ಬಾಗಿಲಲ್ಲಿ ನಿಂತ ಚಿಕ್ಕಮ್ಮ.

ಮಗಳು ಎರಡೂ ಕೈ ಹಾಕಿ ಎಳೆದು ಮುಚ್ಚಳ ತೆರೆದಳು. ಒಳಗೆ ಕೆಂಪು ಬೇಳೆ. ಒಂದೊಂದು ಕಿಲೋದ ಆರು ಪೊಟ್ಟಣ, ಮೇಲೆ ಹಳೆಯ ಶಾಲು ಮುಚ್ಚಿತ್ತು. ಮನೆಗೆ ಬಂದ ಪ್ರತಿ ಸಾಮಾನಿನ ಮೇಲೂ ಕಪ್ಪು ಮಾರ್ಕರಿನಲ್ಲಿ ತಂದ ತಾರೀಖು ಬರೆಯುವುದು ಅಮ್ಮನ ಅಭ್ಯಾಸ. ನಾಲ್ಕು ಪೊಟ್ಟಣಗಳ ತಾರೀಖು ಹೋದ ತಿಂಗಳ ಒಂದೇ ವಾರದ್ದು. ಉಳಿದೆರಡರ ಮೇಲೆ ತಾರೀಖು ಬರೆಯಹೋಗಿ ಒಂದೊಂದು ಗೆರೆ ಎಳೆದು ಹಾಗೇ ಬಿಟ್ಟಿದ್ದಳು.

“ನಮ್ಮಕ್ಕನಾ ಇದು?” ಚಿಕ್ಕಮ್ಮ ಬಾಯಿಗೆ ಕೈ ಇಟ್ಟುಕೊಂಡಳು. “ಬಾಗಿಲು ಹಾಕು. ಹೊರಗೆ ಕೂತೋರು ನೋಡಿದ್ರೆ ನಗ್ತಾರೆ. ಅವರೆಲ್ಲ ಹೋದ ಮೇಲೆ ಕಸಕ್ಕೆ ಹಾಕಿಬಿಡೋಣ.”

ನಗುವುದಕ್ಕೆ ಅವರಿಗೆ ಹಕ್ಕೂ ಇತ್ತು. ಮುಂದಿನ ಕೋಣೆಯಲ್ಲಿ ಅಮ್ಮನ ದೇಹದ ಸುತ್ತ ಕೂತಿದ್ದವರಲ್ಲಿ, ಬಾಡಿದ ಕ್ಯಾರೆಟ್ಟಿಗಾಗಿ ಅವಳಿಂದ ಬೈಸಿಕೊಳ್ಳದವರು ಆ ನಾಲ್ಕು ಮಹಡಿಯಲ್ಲಿ ಒಬ್ಬರೂ ಇರಲಿಲ್ಲ. ಎದುರಿಗೆ ಆಂಟಿ ಎನ್ನುತ್ತಿದ್ದರು, ಬೆನ್ನ ಹಿಂದೆ ಫ್ರಿಜ್ ಇನ್‌ಸ್ಪೆಕ್ಟರ್.

“ಕಸಕ್ಕೆ ಒಂದು ಕಾಳೂ ಹೋಗಬಾರದು,” ಎಂದಳು ಮಗಳು. “ಯಾರಿಗೂ ಗೊತ್ತೂ ಆಗಬಾರದು. ಹೋಟೆಲಿಗೆ ಊಟ ಹೇಳಿದ್ಯಲ್ಲ ಚಿಕ್ಕಮ್ಮ, ಬೇಡ ಅಂತ ಫೋನ್ ಮಾಡು. ಇವತ್ತೇ ಬೇಯಿಸಿ ಮುಗಿಸ್ತೀನಿ.”

“ಇವತ್ತು ಅಡಿಗೆಗೆ ನಿಲ್ತೀಯಾ? ತಲೆ ಕೆಟ್ಟಿದ್ಯೇನೇ ನಿಂಗೆ?”

“ಅಮ್ಮನ ಕಡೆಯಿಂದ ಬಂದ ತಲೆ. ಈಗ ಬದಲಾಯಿಸೋಕೆ ಆಗಲ್ಲ.”

*

ಅಮ್ಮ ಮೂವತ್ತೊಂದು ವರ್ಷ ಆಸ್ಪತ್ರೆಯೊಂದರ ಅಡಿಗೆಮನೆಯ ಉಗ್ರಾಣ ನೋಡಿಕೊಂಡವಳು. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರುವುದು ಅವಳ ಜಾಯಮಾನವೇ ಅಲ್ಲ. ಶುಕ್ರವಾರ ಸಂಜೆ ಮಹಡಿ ಮಹಡಿ ಹತ್ತಿ ಮನೆಮನೆಯ ಫ್ರಿಜ್ಜು ತೆರೆಸುತ್ತಿದ್ದಳು. ಹಳೆಯದು ಮುಂದಕ್ಕೆ, ಹೊಸದು ಹಿಂದಕ್ಕೆ. ಫ್ರಿಜ್ಜಿನೊಳಗೆ ತಲೆ ಹಾಕಿ ನೋಡದೆ ಅಂಗಡಿಗೆ ಚೀಟಿ ಬರೆಯುವಂತಿಲ್ಲ. ಕ್ಯಾರೆಟ್ಟು ಬಾಡಿದರೆ ತಣ್ಣೀರಿನಲ್ಲಿ ಮುಳುಗಿಸಿಡಿ, ಎದ್ದು ಕೂರುತ್ತೆ. ಬ್ರೆಡ್ಡಿನ ತುದಿ ಎಸೆದವರ ಕಡೆಗೆ ಅವಳು ನೋಡುವ ನೋಟವೇ ಬೇರೆ. ಎದುರುಮನೆಯ ಟೈಲರ್ ಒಂದು ಶುಕ್ರವಾರ ದೀಪ ಆರಿಸಿ, ಮನೆಯಲ್ಲಿ ಇಲ್ಲದವನ ಹಾಗೆ ಉಸಿರು ಬಿಗಿಹಿಡಿದು ಕೂತಿದ್ದ. ಅಮ್ಮ ಅವನ ಬಾಗಿಲೆದುರು ಸ್ಟೂಲು ಹಾಕಿಕೊಂಡು ಕೂತಳು. ಮುಕ್ಕಾಲು ಗಂಟೆಯ ಮೇಲೆ ಟೈಲರನೇ ಸೋತು, ಕೊಳೆತ ಸೌತೆಕಾಯಿ ಸಮೇತ ಶರಣಾದ.

ಮಗಳ ಹತ್ತಿರ ಮಾತ್ರ ಇದು ತಮಾಷೆಯಾಗಿ ಉಳಿಯಲಿಲ್ಲ. ಊರಿನ ಇನ್ನೊಂದು ತುದಿಯ ಬಸ್ ಡಿಪೋದಲ್ಲಿ ಡ್ರೈವರುಗಳಿಗೆ ಪಾಳಿ ಹಂಚುವ ಕೆಲಸ ಅವಳದು. ಭಾನುವಾರ ಬರುವಾಗ ಕೈತುಂಬ ಸೊಪ್ಪು ತರುತ್ತಿದ್ದಳು. ಇಷ್ಟು ಯಾರು ತಿನ್ನಬೇಕು ಎಂದು ಅಮ್ಮ ಶುರು ಮಾಡುತ್ತಿದ್ದಳು. “ಇದು ಮನೆ ಅಮ್ಮ, ಆಸ್ಪತ್ರೆಯಲ್ಲ,” ಎಂದು ಮಗಳು ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದಳು.

ಹೋದ ತಿಂಗಳು ಡಿಪೋಗೆ ಅಮ್ಮನ ಫೋನು ಬಂದಿತ್ತು. ಕಿಟಕಿಯ ಆಚೆ ನಾಲ್ಕು ಜನ ಡ್ರೈವರುಗಳು ಕಾಯುತ್ತಿದ್ದರು.

“ನಾನು ಬೇಳೆ ತಂದ್ನೇನೇ?”

“ನಿನ್ನ ಮನೆ ಬೇಳೆ ನಂಗೇನು ಗೊತ್ತಮ್ಮ? ಡಬ್ಬಿ ತೆಗೆದು ನೋಡ್ಕೋ.”

“ಹೂಂ. ನೋಡ್ಕೋತೀನಿ,” ಎಂದು ಅಮ್ಮ ಮೆಲ್ಲಗೆ ಫೋನ್ ಇಟ್ಟಳು. ಅಮ್ಮ ಹೆದರಿ ಕೇಳಿದ್ದಳು, ಮಗಳು ಗದರಿದ್ದಳು. ಸೂಟ್‌ಕೇಸಿನ ಮುಂದೆ ಕೂತಾಗಲೇ ಅವಳಿಗೆ ಅದು ತಿಳಿದದ್ದು.

*

ಟೈಲರನ ಮನೆಯಿಂದ ಎರಡು ದೊಡ್ಡ ಪಾತ್ರೆ ಬಂದವು. ಒಂದು ಪೊಟ್ಟಣದಲ್ಲಿ ಹುಳು ಬಿದ್ದಿತ್ತು. ಮಗಳು ಅದನ್ನು ಜರಡಿ ಹಿಡಿದು, ಆರಿಸಿ, ನಾಲ್ಕು ನೀರಿನಲ್ಲಿ ತೊಳೆದಳು. ಚಿಕ್ಕಮ್ಮ ಗೊಣಗುತ್ತಲೇ ಕುಂಬಳಕಾಯಿ ಹೆಚ್ಚಿದಳು. ಫ್ರಿಜ್ಜಿನಲ್ಲಿದ್ದ ಟೊಮೇಟೊ, ಈರುಳ್ಳಿ, ಮೊನ್ನೆ ಭಾನುವಾರದ ಸೊಪ್ಪು, ಎಲ್ಲವೂ ಸೂಪಿನ ಪಾತ್ರೆಗೆ ಬಿದ್ದವು.

“ಇಷ್ಟೊಂದು ಬೇಳೆ ಎಲ್ಲಿತ್ತು?” ಎಂದು ಟೈಲರ್ ಇಣುಕಿದ.

“ನಿನ್ನೆ ನಾನೇ ತಂದೆ,” ಎಂದಳು ಮಗಳು. ಟೈಲರ್ ಅವಳ ಮುಖ ನೋಡಿ, ಪಾತ್ರೆ ಎತ್ತಿಡಲು ಕೈ ಕೊಟ್ಟ.

ಹನ್ನೊಂದಕ್ಕೆ ಒಲೆ ಆರಿಸಿ, ಕೈ ತೊಳೆದು, ಸೂಟ್‌ಕೇಸಿನ ಹಿಂದೆ ಸಿಕ್ಕಿದ್ದ ಬೂಟನ್ನು ಅಮ್ಮನ ಕಾಲಿಗೆ ಹಾಕಿ ಲೇಸು ಕಟ್ಟಿದಳು. ಎಲ್ಲರೂ ಗಾಡಿಯ ಹಿಂದೆ ನಡೆದರು. ಮಣ್ಣು ಮಾಡಿ ಬರುವಷ್ಟರಲ್ಲಿ ಒಂದೂವರೆ.

ಐವತ್ತು ಜನ ಮೆಟ್ಟಿಲ ಮೇಲೆ, ವರಾಂಡದಲ್ಲಿ, ಸಿಕ್ಕಸಿಕ್ಕಲ್ಲಿ ಕೂತು ಸೂಪು ಕುಡಿದು ಬ್ರೆಡ್ಡು ತಿಂದರು. ಚೆನ್ನಾಗಿದೆ ಎಂದರು. ಕೆಲವರು ಎರಡನೇ ಸಲ ಹಾಕಿಸಿಕೊಂಡರು. ಮೊದಲ ಪಾತ್ರೆ ಖಾಲಿಯಾಯಿತು. ಎರಡನೆಯದು ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಸೂಪು ಆರಿದಷ್ಟೂ ಗಟ್ಟಿಯಾಗುತ್ತಿತ್ತು, ಜನ ತಟ್ಟೆ ತೊಳೆಯುವುದಕ್ಕೆ ಏಳುತ್ತಿದ್ದರು. ಮಗಳು ಸೌಟು ಹಿಡಿದು ಪಾತ್ರೆಯ ಪಕ್ಕದಲ್ಲೇ ನಿಂತಿದ್ದಳು.

ಮೇಲಿನ ಮನೆಯ ನರ್ಸ್ ಅಡಿಗೆಮನೆಗೆ ಬಂದಳು. ಅವಳ ಹಿಂದೆ ಕೆಳಗಿನ ದಿನಸಿ ಅಂಗಡಿಯವನು. ಮೂಲೆಯಲ್ಲಿ ಮಡಚಿಟ್ಟಿದ್ದ ಖಾಲಿ ಕವರುಗಳನ್ನು ನರ್ಸ್ ಕೈಗೆತ್ತಿಕೊಂಡಳು. ತಾರೀಖು ಓದಿ ಅಂಗಡಿಯವನಿಗೆ ತೋರಿಸಿದಳು.

“ನಾನು ಟ್ರೇನಿಂಗಿಗೆ ಅಂತ ಊರಲ್ಲಿ ಇರಲಿಲ್ವಲ್ಲ, ಆ ವಾರದ್ದು,” ಎಂದಳು.

“ಏನು ಹೇಳ್ತಿದೀರಿ?” ಎಂದಳು ಮಗಳು.

ಅಂಗಡಿಯವನು ಕತ್ತು ತುರಿಸಿಕೊಂಡ. “ಆಂಟಿ ದಿನಾ ಬೆಳಿಗ್ಗೆ ಬಂದು ಒಂದು ಕಿಲೋ ಬೇಳೆ ಕೇಳ್ತಿದ್ರಮ್ಮ. ನಿನ್ನೆ ತಾನೆ ತಗೊಂಡ್ರಲ್ಲ ಅಂತ ಒಂದು ಸಲ ಅಂದೆ. ಅವರ ಮುಖ ಹೇಗಾಯ್ತು ಅಂದ್ರೆ, ಆಮೇಲೆ ಬಾಯಿ ಬಿಡೋ ಧೈರ್ಯ ಬರಲಿಲ್ಲ. ನರ್ಸಮ್ಮಂಗೆ ಹೇಳಿದೆ.”

“ಸಂಜೆ ನಾನು ಹೋಗಿ, ಆಂಟಿ ಒಂದು ಕಿಲೋ ಬೇಳೆ ಕೊಡಿ, ನಮ್ಮನೇಲಿ ಮುಗಿದಿದೆ ಅಂತ ಕೇಳ್ತಿದ್ದೆ. ಬೈದು ಕೊಡೋರು. ತಾರೀಖು ಬರೆದಿರ್ತಿದ್ರಲ್ಲ, ಸ್ಪಿರಿಟ್ ಹಾಕಿ ಒರೆಸಿ ಇವರ ಅಂಗಡಿಗೆ ವಾಪಸ್ ಕೊಡ್ತಿದ್ದೆ. ಇವರು ಕೊಟ್ಟ ದುಡ್ಡು ಆಂಟಿ ಪರ್ಸಿಗೇ ಸೇರಿಸ್ತಿದ್ದೆ. ಮರುದಿನ ಅದೇ ಪೊಟ್ಟಣ ಮತ್ತೆ ತರೋರು.”

“ಇಡೀ ಬಿಲ್ಡಿಂಗಿಗೆ ಗೊತ್ತಾ?”

ನರ್ಸ್ ಹೌದೆಂದು ತಲೆಯಾಡಿಸಿದಳು. “ನಿಮಗೆ ಹೇಳೋಣ ಅಂತ ಎರಡು ಭಾನುವಾರ ಬಂದೆ. ಎರಡು ಸಲಾನೂ ನೀವಿಬ್ರೂ ಸೊಪ್ಪಿಗೆ ಜಗಳ ಆಡ್ತಿದ್ರಿ.”

ಮಗಳಿಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಳು ಬಂತು. ಬೆಳಿಗ್ಗೆಯಿಂದ ಅತ್ತಿರಲಿಲ್ಲ. ಈಗ ಒಲೆಗೆ ಮುಖ ಮಾಡಿ ಚೆನ್ನಾಗಿ ಅತ್ತಳು. ನರ್ಸ್ ಬೆನ್ನು ಸವರುತ್ತ ನಿಂತಳು. ಆಮೇಲೆ ಮಗಳು ತೋಳಿನಿಂದ ಮುಖ ಒರೆಸಿಕೊಂಡು, ಪಾತ್ರೆ ಬಿಸಿ ಮಾಡಿ, ಬಟ್ಟೆ ಸುತ್ತಿ ಎತ್ತಿ, ವರಾಂಡಕ್ಕೆ ತಂದು ಎಲ್ಲರ ನಡುವೆ ಇಟ್ಟಳು.

“ಇದು ನಾನು ತಂದ ಬೇಳೆಯಲ್ಲ,” ಎಂದು ಗಟ್ಟಿಯಾಗಿ ಹೇಳಿದಳು. “ಅಮ್ಮ ಮರೆತು ಮರೆತು ತಂದದ್ದು, ಆರು ಕಿಲೋ. ನಾಚಿಕೆಯಾಗಿ ಬಚ್ಚಿಟ್ಟಿದ್ದಳು. ಇನ್ನೂ ಅರ್ಧ ಪಾತ್ರೆ ಉಳಿದಿದೆ.”

ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡಳು. ಯಾರೂ ನಗಲಿಲ್ಲ. ತೊಳೆದಿಟ್ಟ ತಟ್ಟೆಗಳ ಸದ್ದು ಶುರುವಾಯಿತು. ಒಬ್ಬೊಬ್ಬರೇ ಒದ್ದೆ ತಟ್ಟೆ ಹಿಡಿದು ಸಾಲು ಕಟ್ಟಿದರು, ಸಾಲು ಮೆಟ್ಟಿಲವರೆಗೂ ಬೆಳೆಯಿತು. ಎಲ್ಲರಿಗಿಂತ ಮುಂದೆ ಟೈಲರ್ ನಿಂತಿದ್ದ. ಅವನ ಎರಡು ಊಟ ಆಗಲೇ ಆಗಿತ್ತು. ಬೆಲ್ಟನ್ನು ಎರಡು ತೂತು ಸಡಿಲಿಸಿ, ಉಸಿರು ಎಳೆದುಕೊಂಡು, ತಟ್ಟೆ ಮುಂದೆ ಚಾಚಿದ.

“ಸೌಟು ತುಂಬ ಹಾಕಮ್ಮ.”